ಕಂಬದ ಹಿಂದಿನ ಸೀಟು

ಬಾಸ್ಟನ್ ಗಾರ್ಡನ್ ಅಂದರೆ ತೋಟವಲ್ಲ, ಅಮೆರಿಕದ ಬಾಸ್ಟನ್‌ನಲ್ಲಿದ್ದ ಹಳೆಯ ಒಳಾಂಗಣ ಅಖಾಡ. ಅದನ್ನು ನೋಡಿದವರನ್ನು ಮಾತಿಗೆಳೆದರೆ ಮೊದಲು ಬರೋದು ದೂರುಗಳೇ. ಎಸಿ ಇರಲಿಲ್ಲ. ಬೇಸಿಗೆ ಹತ್ತಿರ ಬಂತೆಂದರೆ ಒಳಗೆ ಉಸಿರು ಕಟ್ಟುತ್ತಿತ್ತು. ಹೆಗ್ಗಣಗಳು ಧೈರ್ಯವಾಗಿ ಓಡಾಡುತ್ತಿದ್ದವು. ಸೀಟುಗಳು ಎಷ್ಟು ಕಿರಿದು ಅಂದರೆ ಪಕ್ಕದವರ ಮೊಣಕೈ ನಿಮ್ಮ ಪಕ್ಕೆಯಲ್ಲೇ ಇರುತ್ತಿತ್ತು. ದುಡ್ಡು ಕೊಟ್ಟು ಟಿಕೆಟ್ ತಗೊಂಡು ಒಳಗೆ ಹೋದರೆ ಕಣ್ಣೆದುರಿಗೆ ಒಂದು ಕಂಬ. ಇಷ್ಟೆಲ್ಲ ಹೇಳಿ ಮುಗಿಸಿದ ಮೇಲೆ ಅದೇ ಜನ, ಅಂಥ ಜಾಗ ಇನ್ನೊಂದು ಹುಟ್ಟೋದಿಲ್ಲ ಅನ್ನುತ್ತಾರೆ. ಹೇಳುವಾಗ ಮುಖ ಅರಳಿರುತ್ತದೆ. ನನ್ನನ್ನು ಬಹಳ ದಿನದಿಂದ ಕಾಡುತ್ತಿರುವುದು ಇದು. ವಯಸ್ಸಾದವರಿಗೆ ಹಳೆಯದೆಲ್ಲ ಚೆಂದ ಕಾಣುತ್ತೆ ಅಂತ ಸುಮ್ಮನಾಗಬಹುದಿತ್ತು. ಆದರೆ ಆ ಕಟ್ಟಡದ ಕಥೆ ಓದುತ್ತಾ, ಕೇಳುತ್ತಾ ಹೋದ ಹಾಗೆ, ಅವರು ಅದನ್ನು ಬೈಯೋದಕ್ಕೂ ಪ್ರೀತಿಸೋದಕ್ಕೂ ಕಾರಣ ಒಂದೇ ಅಂತ ಅನ್ನಿಸತೊಡಗಿತು. ಕೊನೆಗೆ ಅದನ್ನು ಕೆಡವಿದ್ದಕ್ಕೂ ಅದೇ ಕಾರಣ.

ನಾನು ಬಾಸ್ಟನ್‌ಗೆ ಬರುವ ಹೊತ್ತಿಗೆ ಗಾರ್ಡನ್ ಇರಲಿಲ್ಲ. ಕಾಸ್‌ವೇ ಸ್ಟ್ರೀಟ್‌ನಲ್ಲಿ ಅದು ನಿಂತಿದ್ದ ಜಾಗ ಖಾಲಿ ಬಿದ್ದಿತ್ತು. ಅದರ ಹಿಂದೆ ಹೊಸ ಅಖಾಡ ಎದ್ದು ನಿಂತಿತ್ತು. ಈಗದರ ಹೆಸರು ಟಿಡಿ ಗಾರ್ಡನ್. ನಾರ್ತ್ ಸ್ಟೇಷನ್‌ನಲ್ಲಿ ಲೋಕಲ್ ರೈಲು ಹಿಡಿಯೋಕೆ ದಿನಾ ಆ ದಾರಿಯಲ್ಲೇ ಓಡಾಡುತ್ತಿದ್ದರೂ ನನಗೆ ಅಲ್ಲಿ ಏನಿತ್ತು ಅಂತ ಕೇಳಬೇಕು ಅನ್ನಿಸಿರಲಿಲ್ಲ. ಕೇಳುವ ಹಾಗೆ ಮಾಡಿದ್ದು ಆಫೀಸಿನ ಹಿರಿಯರೊಬ್ಬರು. ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಒಂದು ಸಂಜೆ ಊರಿನ ಬಾಸ್ಕೆಟ್‌ಬಾಲ್ ತಂಡ ಸೆಲ್ಟಿಕ್ಸ್‌ನ ಆಟಕ್ಕೆ ಇಬ್ಬರೂ ಹೋಗಿದ್ದೆವು. ಮೇಲಿನ ಅಂತಸ್ತಿನಲ್ಲಿ, ಬಹಳ ಹಿಂದಿನ ಸಾಲು. ಮೆತ್ತನೆಯ ಸೀಟು, ತಂಪು ಗಾಳಿ, ಎದುರಿಗೆ ಏನೂ ಅಡ್ಡವಿಲ್ಲ. ಆದರೂ ನಾವಿಬ್ಬರೂ ಕೆಳಗಿನ ಆಟ ಬಿಟ್ಟು ಚಾವಣಿಯಿಂದ ತೂಗುಬಿಟ್ಟ ದೊಡ್ಡ ಪರದೆಯನ್ನೇ ನೋಡುತ್ತಿದ್ದೆವು. ಆಟಗಾರರು ಅಷ್ಟು ದೂರದಲ್ಲಿದ್ದರು.

ಅರ್ಧ ಆಟದ ಬಿಡುವಿನಲ್ಲಿ ಅವರು ತಮ್ಮ ಅಪ್ಪನ ವಿಷಯ ತೆಗೆದರು. ಹಳೆಯ ಗಾರ್ಡನ್ನಿನ ಎರಡನೇ ಬಾಲ್ಕನಿಯಲ್ಲಿ ಅಪ್ಪ ಮಗ ಐಸ್ ಹಾಕಿ ನೋಡುತ್ತಿದ್ದರಂತೆ. ಅಗ್ಗದ ಟಿಕೆಟ್, ಸರಿಯಾಗಿ ಒಂದು ಕಂಬದ ಹಿಂದೆ. ಮಗ ಎಡಕ್ಕೆ ಬಾಗಿದರೆ ಒಂದು ಗೋಲ್ ಕಾಣುತ್ತಿತ್ತು. ಅಪ್ಪ ಬಲಕ್ಕೆ ಬಾಗಿದರೆ ಇನ್ನೊಂದು ಗೋಲ್. ಹಾಗಾಗಿ ಇಬ್ಬರೂ ಕೆಲಸ ಹಂಚಿಕೊಂಡಿದ್ದರು. ಪಕ್, ಅಂದರೆ ಐಸ್ ಹಾಕಿಯಲ್ಲಿ ಚೆಂಡಿನ ಬದಲು ಹೊಡೆಯುವ ಬಿಲ್ಲೆ, ಆ ಕಡೆ ಹೋದರೆ ಅಪ್ಪ ಹೇಳಬೇಕು, ಈ ಕಡೆ ಬಂದರೆ ಮಗ ಹೇಳಬೇಕು. ಅಪ್ಪ ಮನೆಯಲ್ಲಿ ಮಾತು ಕಡಿಮೆಯ ಮನುಷ್ಯ. ಗಾರ್ಡನ್ನಿನಲ್ಲಿ ಮಾತ್ರ ಇಡೀ ಸಂಜೆ ಮಾತಾಡಿಯೇ ಆಡುತ್ತಿದ್ದರು, ಮಾತಾಡದೆ ವಿಧಿ ಇರಲಿಲ್ಲವಲ್ಲ. 'ಅಷ್ಟು ಮೇಲೆ ಕೂತಿದ್ದರೂ ಸ್ಕೇಟ್ ಐಸ್ ಕೆರೆಯುವ ಸದ್ದು ಕೇಳಿಸುತ್ತಿತ್ತು' ಅಂದರು. ನಾನು ಕೆಳಗೆ ನೋಡಿದೆ. ಅಲ್ಲಿಂದ ನಮಗೆ ಕೇಳಿಸುತ್ತಿದ್ದದ್ದು ಸ್ಪೀಕರ್‌ನ ಹಾಡು ಮಾತ್ರ.

ಬಾಕ್ಸಿಂಗ್‌ಗೆ ಕಟ್ಟಿದ ಮನೆ

ಈ ಕಟ್ಟಡವನ್ನು ಕಟ್ಟಿಸಿದ್ದು ಟೆಕ್ಸ್ ರಿಕಾರ್ಡ್. ಆ ಕಾಲದ ಅಮೆರಿಕದಲ್ಲಿ ಬಾಕ್ಸಿಂಗ್ ಪಂದ್ಯ ಏರ್ಪಡಿಸುವವರಲ್ಲಿ ಅವನನ್ನು ಮೀರಿಸಿದವರಿಲ್ಲ. 1925ರಲ್ಲಿ ನ್ಯೂಯಾರ್ಕ್‌ನಲ್ಲಿ ಮೂರನೆಯ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಅನ್ನುವ ಅಖಾಡ ಕಟ್ಟಿಸಿ ಗೆದ್ದಿದ್ದ. ಅದೇ ರೀತಿಯವನ್ನು ದೇಶದ ಬೇರೆ ಬೇರೆ ಊರುಗಳಲ್ಲಿ ಎಬ್ಬಿಸಬೇಕು ಅನ್ನುವುದು ಅವನ ಆಸೆ. ಬಾಸ್ಟನ್‌ನಲ್ಲಿ ಬಾಸ್ಟನ್ ಅಂಡ್ ಮೇನ್ ರೈಲ್ವೆಯ ನಾರ್ತ್ ಸ್ಟೇಷನ್ ಇತ್ತು. ಅದರ ತಲೆಯ ಮೇಲೆಯೇ ಅಖಾಡ ಎದ್ದಿತು. ಕೆಳಗೆ ರೈಲು, ಮೇಲೆ ಆಟ. ಊರಾಚೆಯ ಜನ ರೈಲಿಳಿದು ಮೆಟ್ಟಿಲು ಹತ್ತಿದರೆ ಆಯಿತು. 1928ರ ನವೆಂಬರ್ 17ರಂದು ಬಾಕ್ಸಿಂಗ್ ಪಂದ್ಯದಿಂದಲೇ ಅದರ ಬಾಗಿಲು ತೆರೆಯಿತು. ಮೂರು ದಿನ ಬಿಟ್ಟು ಊರಿನ ಬ್ರೂಯಿನ್ಸ್ ತಂಡ ಮಾಂಟ್ರಿಯಲ್ ವಿರುದ್ಧ ಅಲ್ಲಿ ಮೊದಲ ಐಸ್ ಹಾಕಿ ಆಟ ಆಡಿ, 1-0ರಿಂದ ಸೋತಿತು. ಅವತ್ತು ನುಗ್ಗಿದ ಜನರನ್ನು ಹಿಡಿದಿಡೋಕೆ ಆಗಲಿಲ್ಲ. ರಿಕಾರ್ಡ್ ಇದನ್ನೆಲ್ಲ ಜಾಸ್ತಿ ದಿನ ನೋಡಲಿಲ್ಲ. ಅಪೆಂಡಿಕ್ಸ್ ಆಪರೇಷನ್ ಆಗಿ, 1929ರ ಜನವರಿಯಲ್ಲಿ ತೀರಿಕೊಂಡ. ಅವನು ಕನಸು ಕಂಡ ಸಾಲಿನಲ್ಲಿ ನ್ಯೂಯಾರ್ಕ್ ಬಿಟ್ಟರೆ ಎದ್ದದ್ದು ಬಾಸ್ಟನ್‌ನದೊಂದೇ.

ಬಾಕ್ಸಿಂಗ್‌ನವನು ಕಟ್ಟಿಸಿದ ಅನ್ನೋದು ಇಲ್ಲಿ ಸಣ್ಣ ವಿಷಯವಲ್ಲ. ಬಾಕ್ಸಿಂಗ್ ರಿಂಗ್ ಎಷ್ಟು ದೊಡ್ಡದಿರುತ್ತೆ ಹೇಳಿ? ಒಂದು ಕೋಣೆಯಷ್ಟು. ಆಡುವವರು ಇಬ್ಬರು. ಅಷ್ಟು ಚಿಕ್ಕ ಜಾಗದಲ್ಲಿ ನಡೆಯುವುದನ್ನು ಸಾವಿರಾರು ಜನಕ್ಕೆ ತೋರಿಸಬೇಕು ಅಂದರೆ ಎಲ್ಲರನ್ನೂ ಆದಷ್ಟು ಹತ್ತಿರಕ್ಕೆ ತರಬೇಕು. ಹಿಂದಕ್ಕೆ ಸರಿಸಿದರೆ ಕೆಟ್ಟಿತು, ಮೇಲಕ್ಕೆ ಏರಿಸಬೇಕು. ಬಾಕ್ಸರ್‌ನ ಮೈಮೇಲಿನ ಬೆವರು ಕಾಣಬೇಕು ಅನ್ನುವುದು ಅಳತೆ. ಹಾಗಾಗಿ ಗಾರ್ಡನ್ನಿನ ಬಾಲ್ಕನಿಗಳು ಕಡಿದಾಗಿ ಮೇಲೇರಿದ್ದವು, ಒಂದರ ಮೇಲೊಂದು. ಮುಂದಿನ ಸಾಲು ಆಟದ ಅಂಗಳದ ಮೇಲೆಯೇ ಚಾಚಿಕೊಂಡಿತ್ತು. ಮೇಲಿನ ಬಾಲ್ಕನಿಗಳನ್ನು ಹೀಗೆ ಮುಂದಕ್ಕೆ ತರಬೇಕೆಂದರೆ ಕೆಳಗಿಂದ ಏನಾದರೂ ಅವುಗಳನ್ನು ಹೊರಬೇಕಲ್ಲ. ಅದಕ್ಕೇ ಆ ಕಂಬಗಳು. ಎಲ್ಲರೂ ಬೈದ ಕಂಬಗಳೇ ಎಲ್ಲರನ್ನೂ ಆಟದ ಹತ್ತಿರ ಹಿಡಿದು ನಿಲ್ಲಿಸಿದ್ದವು. ಕಂಬ ಬೇಡವೆಂದರೆ ಮೇಲಿನ ಅಂತಸ್ತನ್ನು ಹಿಂದಕ್ಕೆ ತಳ್ಳಬೇಕು. ಆಮೇಲೆ ಕಟ್ಟಿದ ಬಹುತೇಕ ಎಲ್ಲ ಅಖಾಡಗಳೂ ಮಾಡಿದ್ದು ಅದನ್ನೇ.

ಆ ಮೇಲಿನ ಬಾಲ್ಕನಿಯಲ್ಲಿ ಕೂರುತ್ತಿದ್ದ ಹಾಕಿ ಜನಕ್ಕೆ ಗ್ಯಾಲರಿ ಗಾಡ್ಸ್ ಅಂತ ಹೆಸರು. ಗ್ಯಾಲರಿಯ ದೇವರುಗಳು. ಅಗ್ಗದ ಟಿಕೆಟ್‌ನ ಜನ, ಆದರೆ ಅವರು ಕೂಗಿದ್ದು ಕೆಳಗೆ ಐಸ್ ಮೇಲಿದ್ದವನ ಕಿವಿಗೆ ಬೀಳುತ್ತಿತ್ತು. ಈ ಒಂದು ಸಂಗತಿಯನ್ನು ನಾನು ಬಹಳ ದೊಡ್ಡದು ಅಂದುಕೊಂಡಿದ್ದೇನೆ. ಕಡಿಮೆ ದುಡ್ಡು ಕೊಟ್ಟವನ ದನಿಯೂ ಆಟದವರೆಗೆ ಮುಟ್ಟುವ ಹಾಗೆ ಇದ್ದ ಕಟ್ಟಡ ಅದು.

ಕಟ್ಟಡವೂ ಆಟಕ್ಕಿಳಿದಾಗ

ಗಾರ್ಡನ್ನಿನಲ್ಲಿ ಏನೂ ಅಳತೆಗೆ ಸರಿಯಾಗಿರಲಿಲ್ಲ. ಐಸ್ ಹಾಕಿಯ ಅಂಗಳ 200 ಅಡಿ ಉದ್ದ, 85 ಅಡಿ ಅಗಲ ಇರಬೇಕು. ಇಲ್ಲಿ 191ಕ್ಕೆ 83. ಅಂದರೆ ಹೊರಗಿನಿಂದ ಬಂದ ತಂಡ ತಾನು ಕಲಿತ ಲೆಕ್ಕಾಚಾರದಲ್ಲಿ ಆಡಿದರೆ ಪ್ರತಿ ಸಲವೂ ಒಂದು ಹೆಜ್ಜೆ ಮುಂಚೆಯೇ ಗೋಡೆ ಸಿಗುತ್ತಿತ್ತು. ಬ್ರೂಯಿನ್ಸ್ ತಂಡ ಗುದ್ದಾಡುವ ಗಟ್ಟಿ ಆಟಗಾರರನ್ನು ಹುಡುಕಿ ಹುಡುಕಿ ಸೇರಿಸಿಕೊಂಡಿದ್ದರಲ್ಲಿ ಈ ಇಕ್ಕಟ್ಟಿನ ಪಾಲೂ ಇದೆ.

ಬಾಸ್ಕೆಟ್‌ಬಾಲ್‌ನ ನೆಲದ ಕಥೆ ಇನ್ನೂ ಚೆಂದ. ಅದನ್ನು ಮಾಡಿದ್ದು 1946ರಲ್ಲಿ, ಬಾಸ್ಟನ್ ಅರೀನಾ ಅನ್ನುವ ಬೇರೆ ಅಖಾಡಕ್ಕಾಗಿ. ಎರಡನೇ ಮಹಾಯುದ್ಧ ಆಗಷ್ಟೇ ಮುಗಿದಿತ್ತು, ಉದ್ದನೆಯ ಮರದ ಹಲಗೆಗಳು ಸಿಗುತ್ತಿರಲಿಲ್ಲ. ಹಾಗಾಗಿ ಓಕ್ ಮರದ ಉಳಿಕೆ ತುಂಡುಗಳನ್ನೇ ಅಡ್ಡಡ್ಡ ಉದ್ದುದ್ದ ಜೋಡಿಸಿ, ಐದಡಿ ಚೌಕದ 247 ಹಲಗೆ ಮಾಡಿ, ಬೋಲ್ಟ್ ಹಾಕಿ ಬಿಗಿದರು. ಹಳೆ ಬಟ್ಟೆ ತುಂಡುಗಳನ್ನು ಸೇರಿಸಿ ಹೊಲಿದ ಕೌದಿಯ ಹಾಗೆ ಕಾಣುತ್ತಿತ್ತು. 1952ರಲ್ಲಿ ಅದು ಗಾರ್ಡನ್ನಿಗೆ ಬಂತು. ಹಾಕಿ ಆಟ ಇದ್ದ ದಿನ ಬಿಚ್ಚಿ ಎತ್ತಿಡುವುದು, ಬಾಸ್ಕೆಟ್‌ಬಾಲ್ ದಿನ ಐಸ್ ಮೇಲೆಯೇ ಮತ್ತೆ ಹಾಸುವುದು. ಆ ನೆಲದಲ್ಲಿ ಕೆಲವು ಕಡೆ ಚೆಂಡು ಸರಿಯಾಗಿ ಪುಟಿಯುವುದೇ ಇಲ್ಲ, ಅದು ಎಲ್ಲೆಲ್ಲಿ ಅಂತ ಸೆಲ್ಟಿಕ್ಸ್‌ನವರಿಗೆ ಮಾತ್ರ ಗೊತ್ತು ಅಂತ ಎದುರಾಳಿಗಳು ದೂರುತ್ತಿದ್ದರು. ಅವರಿಗೆ ಕೊಡುವ ಕೋಣೆ ಬೇಸಿಗೆಯಲ್ಲಿ ಕಾದ ಕಾವಲಿ, ಸ್ನಾನಕ್ಕೆ ಬಿಸಿನೀರು ಬಂದರೆ ಬಂತು. ಕೋಚ್ ರೆಡ್ ಔರ್‌ಬ್ಯಾಕ್ ಬೇಕಂತಲೇ ಹೀಗೆ ಮಾಡಿಸುತ್ತಾನೆ ಅಂತ ಅವರ ಗುಮಾನಿ. ನಿಜವೋ ಸುಳ್ಳೋ, ಆ ಗುಮಾನಿಯೇ ಅರ್ಧ ಕೆಲಸ ಮಾಡುತ್ತಿತ್ತು.

ಕಟ್ಟಡ ಸ್ವತಃ ಆಟಕ್ಕೆ ಕೈಹಾಕಿದ್ದು 1965ರ ಏಪ್ರಿಲ್ 15ರಂದು. ಫಿಲಡೆಲ್ಫಿಯಾ ವಿರುದ್ಧ ಸರಣಿಯ ಕೊನೆಯ, ಏಳನೇ ಆಟ. ಸೆಲ್ಟಿಕ್ಸ್ ಒಂದೇ ಅಂಕದಿಂದ ಮುಂದಿದೆ, ಉಳಿದಿರುವುದು ಐದು ಸೆಕೆಂಡ್. ಚೆಂಡನ್ನು ಒಳಗೆ ಎಸೆಯಬೇಕಾದವರು ಸೆಲ್ಟಿಕ್ಸ್‌ನ ಬಿಲ್ ರಸೆಲ್. ಆಗ ಬುಟ್ಟಿಯ ಹಲಗೆಯನ್ನು ಅಲುಗದ ಹಾಗೆ ಹಿಡಿಯೋಕೆ ತಂತಿ ಬಿಗಿದಿರುತ್ತಿದ್ದರು. ರಸೆಲ್ ಎಸೆದ ಚೆಂಡು ಆ ತಂತಿಗೆ ತಾಗಿತು. ನಿಯಮದ ಪ್ರಕಾರ ಚೆಂಡು ಎದುರಾಳಿಗೆ. ಹನ್ನೊಂದು ಸಲ ಚಾಂಪಿಯನ್ ಆದ ಮನುಷ್ಯ, ಅವತ್ತು ಒಂದು ತಂತಿಯಿಂದ ಸೋಲುವುದರಲ್ಲಿದ್ದರು. ಫಿಲಡೆಲ್ಫಿಯಾದ ಹ್ಯಾಲ್ ಗ್ರೀರ್ ಚೆಂಡು ಎಸೆದಾಗ ಸೆಲ್ಟಿಕ್ಸ್‌ನ ಜಾನ್ ಹ್ಯಾವ್ಲಿಚೆಕ್ ಹಾರಿ ಕೈ ತಾಗಿಸಿದರು, ಚೆಂಡು ಸ್ಯಾಮ್ ಜೋನ್ಸ್ ಕಡೆ ಹೋಯಿತು. 110-109. ಜನ ಅಂಗಳಕ್ಕೆ ನುಗ್ಗಿದರು. ಹ್ಯಾವ್ಲಿಚೆಕ್ ಚೆಂಡು ಕದ್ದದ್ದನ್ನು ಕೂಗಿ ಹೇಳಿದ ರೇಡಿಯೊ ಕಾಮೆಂಟರಿ ಇವತ್ತಿಗೂ ಬಾಸ್ಟನ್‌ನಲ್ಲಿ ಎಲ್ಲರಿಗೂ ಬಾಯಿಪಾಠ. ತಂತಿಯ ಮಾತು ಮಾತ್ರ ಯಾರೂ ಜಾಸ್ತಿ ಆಡುವುದಿಲ್ಲ. ನನಗೆ ಅದೇ ಮುಖ್ಯ ಅನ್ನಿಸುತ್ತೆ. ಆ ತಂತಿ ಇಲ್ಲದಿದ್ದರೆ ಹ್ಯಾವ್ಲಿಚೆಕ್ ಕದಿಯೋಕೆ ಚೆಂಡೇ ಇರುತ್ತಿರಲಿಲ್ಲ.

ಸೆಕೆಯ ವಿಷಯಕ್ಕೆ ಬಂದರೆ 1984ರ ಜೂನ್ 8. ಲಾಸ್ ಏಂಜಲೀಸ್ ಲೇಕರ್ಸ್ ವಿರುದ್ಧ ಫೈನಲ್ಸ್‌ನ ಐದನೇ ಆಟ. ಒಳಗೆ 97 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 36 ಡಿಗ್ರಿ ಸೆಲ್ಸಿಯಸ್. ಲೇಕರ್ಸ್‌ನ ಕರೀಮ್ ಅಬ್ದುಲ್ ಜಬ್ಬಾರ್ ಬೆಂಚಿನಲ್ಲಿ ಕೂತು ಆಮ್ಲಜನಕದ ಮಾಸ್ಕ್ ಹಾಕಿಕೊಂಡರು. ರೆಫರಿಯೊಬ್ಬರು ಸುಸ್ತಾಗಿ ಅರ್ಧದಲ್ಲೇ ಬಿಟ್ಟರು. ಅದೇ ಸೆಕೆಯಲ್ಲಿ ಲ್ಯಾರಿ ಬರ್ಡ್ 34 ಅಂಕ ಹೊಡೆದರು, 17 ರೀಬೌಂಡ್ ಹಿಡಿದರು. ಸೆಲ್ಟಿಕ್ಸ್ 121-103ರಿಂದ ಗೆದ್ದಿತು. ಸೀಟಿನಲ್ಲಿದ್ದವರೂ ಅಷ್ಟೇ ಬೆವರಿದ್ದರು ಅನ್ನುವುದನ್ನು ಮರೆಯಬಾರದು.

ಹಾಗಂತ ಎಲ್ಲ ಕೊರತೆಯನ್ನೂ ಹೀಗೆ ಹಾಡಿ ಹೊಗಳೋಕಾಗಲ್ಲ. 1988ರ ಮೇ 24ರಂದು ಐಸ್ ಹಾಕಿಯ ದೊಡ್ಡ ಬಹುಮಾನವಾದ ಸ್ಟ್ಯಾನ್ಲಿ ಕಪ್‌ನ ಫೈನಲ್ಸ್ ನಡೆಯುತ್ತಿದ್ದಾಗ ಸೆಕೆಗೆ ಐಸ್ ಮೇಲೆ ಮಂಜು ಎದ್ದಿತು, ಆಟಗಾರರಿಗೆ ಪಕ್ ಕಾಣಿಸದಷ್ಟು. 3-3 ಸಮ ಇದ್ದಾಗ ಕರೆಂಟ್ ಹೋಯಿತು, ಮತ್ತೆ ಬರಲೇ ಇಲ್ಲ. ಆಟ ರದ್ದಾಯಿತು. ಸರಣಿ ಎದುರಾಳಿಯ ಊರಾದ ಎಡ್ಮಂಟನ್‌ಗೆ ಹೋಗಿ, ಬ್ರೂಯಿನ್ಸ್ ಅಲ್ಲಿ ಕಪ್ ಕಳೆದುಕೊಂಡಿತು. ಎರಡು ವರ್ಷ ಬಿಟ್ಟು 1990ರಲ್ಲಿ ಅದೇ ಎಡ್ಮಂಟನ್, ಅದೇ ಫೈನಲ್ಸ್, ಓವರ್‌ಟೈಮ್‌ನಲ್ಲಿ ಮತ್ತೆ ದೀಪ ಆರಿತು. ಊರಿಗೇ ನಾಚಿಕೆಯಾದ ರಾತ್ರಿಗಳು ಅವು. ಗಾರ್ಡನ್ ಉಳಿಯುವುದಿಲ್ಲ ಅಂತ ಬಹಳ ಜನಕ್ಕೆ ಗಟ್ಟಿಯಾಗಿದ್ದು ಆಗಲೇ.

ಸ್ಟೂಲ್ ಮೇಲಿನ ಫೋಟೊ

ಹಾಕಿಯ ಗಂಧವೇ ಇಲ್ಲದವರೂ ಈ ಫೋಟೊ ನೋಡಿರುತ್ತಾರೆ. ಬ್ರೂಯಿನ್ಸ್‌ನ ಬಾಬಿ ಓರ್ ಗಾಳಿಯಲ್ಲಿ ಅಡ್ಡಡ್ಡ ತೇಲುತ್ತಿದ್ದಾರೆ, ಎರಡೂ ಕೈ ಮೇಲೆ, ಬಾಯಿ ತೆರೆದಿದೆ. 1970ರ ಮೇ 10. ಸೇಂಟ್ ಲೂಯಿ ವಿರುದ್ಧ ಓವರ್‌ಟೈಮ್ ಶುರುವಾಗಿ 40 ಸೆಕೆಂಡ್ ಆಗಿತ್ತು. ಓರ್ ಗೋಲ್ ಹೊಡೆದರು, ಮರುಗಳಿಗೆಯಲ್ಲೇ ಎದುರಾಳಿ ನೋಯೆಲ್ ಪಿಕಾರ್ ಓರ್‌ನ ಕಾಲಿಗೆ ಕೋಲು ಸಿಕ್ಕಿಸಿ ಹಾರಿಸಿದರು. ಬ್ರೂಯಿನ್ಸ್ 29 ವರ್ಷದ ಮೇಲೆ ಕಪ್ ಗೆದ್ದಿತು. ಫೋಟೊ ತೆಗೆದವರು ರೇ ಲೂಸಿಯರ್ ಅನ್ನುವ ಪತ್ರಿಕಾ ಛಾಯಾಗ್ರಾಹಕ. ಗೋಲ್ ಪಕ್ಕದ ಆ ಜಾಗ ಅಸಲಿಗೆ ಅವರದಲ್ಲ. ಅಲ್ಲಿದ್ದ ಸ್ಟೂಲಿನವರು ಸೆಕೆ ತಡೆಯಲಾರದೆ ಬಿಯರ್ ಕುಡಿಯೋಕೆ ಎದ್ದು ಹೋಗಿದ್ದರಂತೆ. ಲೂಸಿಯರ್ ಆ ಖಾಲಿ ಸ್ಟೂಲಿನಲ್ಲಿ ಕೂತು, ಗಾಜಿನಲ್ಲಿದ್ದ ಕಿಂಡಿಯಿಂದ ಕ್ಯಾಮೆರಾ ತೂರಿಸಿದರು. ಹೋದವರು ಬಂದು ಜಾಗ ಕೇಳುವ ಹೊತ್ತಿಗೆ ಆಟವೇ ಮುಗಿದಿತ್ತು. ಆ ಚಿತ್ರದ ಹಿನ್ನೆಲೆ ನೋಡಿ. ಗಾಜಿಗೆ ಅಂಟಿಕೊಂಡ ಹಾಗೆ ಜನ. ಒಬ್ಬೊಬ್ಬರ ಮುಖವೂ ಕಾಣುತ್ತದೆ. ನಾನು ಓರ್‌ನನ್ನು ನೋಡುವುದಕ್ಕಿಂತ ಆ ಮುಖಗಳನ್ನು ನೋಡಿದ್ದೇ ಜಾಸ್ತಿ.

ಟಿಡಿ ಗಾರ್ಡನ್ ಒಳಗೆ ಒಂದು ಕ್ರೀಡಾ ಮ್ಯೂಸಿಯಂ ಇದೆ. ಅಲ್ಲಿ ಹಳೆಯ ಗಾರ್ಡನ್ನಿನ ಪೆನಾಲ್ಟಿ ಬಾಕ್ಸ್ ಇಟ್ಟಿದ್ದಾರೆ. ತಪ್ಪು ಮಾಡಿದ ಆಟಗಾರ ಎರಡು ನಿಮಿಷವೋ ಐದು ನಿಮಿಷವೋ ಹೋಗಿ ಕೂರಬೇಕಾದ ಗೂಡು. ನಾನು ಅದರೊಳಗೆ ಕೂತು ನೋಡಿದೆ. ಗಟ್ಟಿ ಬೆಂಚು. ಕೈಚಾಚಿದರೆ ಎರಡೂ ಕಡೆ ಏನಾದರೂ ಸಿಗುತ್ತೆ. ದಪ್ಪ ಪ್ಯಾಡ್ ಕಟ್ಟಿಕೊಂಡ, ಸಿಟ್ಟಿನಲ್ಲಿ ಉಬ್ಬಿದ ಮನುಷ್ಯನೊಬ್ಬ ಇಲ್ಲಿ ಮುದುಡಿ ಕೂತಿರುತ್ತಿದ್ದ, ಅವನ ಬೆನ್ನ ಹಿಂದೆಯೇ ಟಿಕೆಟ್ ತಗೊಂಡು ಬಂದವರು ಅವನನ್ನು ಬೈಯುತ್ತಿದ್ದರು. ಬೈದವನಿಗೆ ಆಟಗಾರನ ಕುತ್ತಿಗೆಯ ಬೆವರು ಕಾಣುತ್ತಿತ್ತು. ಆಟಗಾರನಿಗೆ ಬೈದವನ ದನಿ ಯಾರದ್ದು ಅಂತ ಗೊತ್ತಾಗುತ್ತಿತ್ತು.

ಏಪ್ರಿಲ್ 5, 1968

ಗಾರ್ಡನ್ ಊರಿಗೆ ಮಾಡಿದ ಅತಿ ದೊಡ್ಡ ಉಪಕಾರ ಅದು ಹೆಚ್ಚುಕಮ್ಮಿ ಖಾಲಿಯಿದ್ದ ಒಂದು ರಾತ್ರಿ ನಡೆಯಿತು. ಹಿಂದಿನ ದಿನ ಮೆಂಫಿಸ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಗುಂಡಿಟ್ಟು ಕೊಂದಿದ್ದರು. ದೇಶದ ಎಷ್ಟೋ ಊರುಗಳು ಹೊತ್ತಿ ಉರಿಯುತ್ತಿದ್ದವು. ಗಾರ್ಡನ್ನಿನಲ್ಲಿ ಆ ಸಂಜೆ ಹೆಸರಾಂತ ಕಪ್ಪು ಗಾಯಕ ಜೇಮ್ಸ್ ಬ್ರೌನ್ ಹಾಡಬೇಕಿತ್ತು, ಸಾವಿರಾರು ಟಿಕೆಟ್ ಮಾರಾಟವಾಗಿದ್ದವು. ರದ್ದು ಮಾಡೋಣ ಅನ್ನುವುದು ಮೊದಲ ಯೋಚನೆ. ನಗರ ಸಭೆಯ ಕಪ್ಪು ಸದಸ್ಯ ಟಾಮ್ ಅಟ್ಕಿನ್ಸ್ ಬೇಡವೆಂದರು. ದುಃಖದಲ್ಲಿ, ಸಿಟ್ಟಿನಲ್ಲಿ ಇರುವ ಸಾವಿರಾರು ಹುಡುಗರು ಬಂದು ಮುಚ್ಚಿದ ಬಾಗಿಲು ನೋಡಿದರೆ ಏನಾಗಬಹುದು? ಮೇಯರ್ ಕೆವಿನ್ ವೈಟ್ ಅಧಿಕಾರಕ್ಕೆ ಬಂದು ಕೆಲವೇ ತಿಂಗಳಾಗಿತ್ತು. ಕೊನೆಗೆ ಒಂದು ದಾರಿ ಹೊಳೆಯಿತು. ಕಾರ್ಯಕ್ರಮ ನಡೆಯಲಿ, ಊರಿನ ಡಬ್ಲ್ಯುಜಿಬಿಎಚ್ ಚಾನೆಲ್ ಅದನ್ನು ನೇರವಾಗಿ ತೋರಿಸಲಿ, ಜನ ಮನೆಯಲ್ಲೇ ಕೂತು ನೋಡಲಿ. ಇದರಿಂದ ಬ್ರೌನ್‌ಗೆ ಟಿಕೆಟ್ ದುಡ್ಡು ನಷ್ಟ. ಅವರು 60,000 ಡಾಲರ್ ಕೇಳಿದರು, ಮೇಯರ್ ಒಪ್ಪಿಕೊಂಡರು. 14 ಸಾವಿರ ಜನ ಹಿಡಿಯುವ ಜಾಗಕ್ಕೆ ಸುಮಾರು ಎರಡು ಸಾವಿರ ಜನ ಬಂದರು.

ಆ ರಾತ್ರಿಯ ದೃಶ್ಯ ಟಿವಿಯಲ್ಲಿ ಪ್ರಸಾರವಾದ್ದರಿಂದ ಉಳಿದಿದೆ, ನೋಡಬಹುದು. ಕೊನೆಯ ಹೊತ್ತಿಗೆ ಹುಡುಗರು ಒಬ್ಬೊಬ್ಬರಾಗಿ ವೇದಿಕೆ ಹತ್ತುತ್ತಾರೆ. ಪೊಲೀಸರು ಅವರನ್ನು ಹಿಡಿದು ಕೆಳಗೆ ತಳ್ಳುತ್ತಾರೆ. ಒಂದು ಗಳಿಗೆ, ಎಲ್ಲ ಕೈಮೀರಿತು ಅನ್ನುವ ಹಾಗಿದೆ. ಬ್ರೌನ್ ಹಾಡು ನಿಲ್ಲಿಸುತ್ತಾರೆ. ಪೊಲೀಸರಿಗೆ ಹಿಂದೆ ಸರಿಯಿರಿ, ನಾನು ನೋಡಿಕೊಳ್ಳುತ್ತೇನೆ ಅನ್ನುತ್ತಾರೆ. ಹುಡುಗರು ಸುತ್ತ ಮುತ್ತಿಕೊಂಡು ಕೈ ಚಾಚುತ್ತಾರೆ. ಬ್ರೌನ್ ಕೈ ಕುಲುಕುತ್ತಾರೆ, ಗದರುತ್ತಾರೆ, ನನ್ನ ಮಾನ ಕಳೆಯಬೇಡಿ, ನಮ್ಮೆಲ್ಲರ ಮಾನ ಕಳೆಯಬೇಡಿ ಅನ್ನುವ ಅರ್ಥದಲ್ಲಿ ಮನೆಯ ದೊಡ್ಡವರ ಹಾಗೆ ಬುದ್ಧಿ ಹೇಳುತ್ತಾರೆ. ಹುಡುಗರು ಇಳಿಯುತ್ತಾರೆ. ಹಾಡು ಮತ್ತೆ ಶುರುವಾಗುತ್ತದೆ. ಕಾರ್ಯಕ್ರಮ ಮುಗಿದ ಕೂಡಲೇ ಚಾನೆಲ್ ಅದನ್ನೇ ಇನ್ನೊಂದು ಸಲ ಹಾಕಿತು, ಯಾರೂ ಬೀದಿಗೆ ಬರದೇ ಇರಲಿ ಅಂತ. ಬಾಸ್ಟನ್ ಆ ರಾತ್ರಿ ಬಹುಮಟ್ಟಿಗೆ ತಣ್ಣಗಿತ್ತು.

ನಾಲ್ಕು ವರ್ಷದ ಮೇಲೆ ಇದೇ ಮೇಯರ್, 1972ರ ಜುಲೈನಲ್ಲಿ, ಇದೇ ವೇದಿಕೆ ಹತ್ತಿ ಇನ್ನೊಂದು ಜನಸಾಗರವನ್ನು ಸಮಾಧಾನ ಮಾಡಿದರು. ರೋಲಿಂಗ್ ಸ್ಟೋನ್ಸ್ ತಂಡದ ಕೆಲವರನ್ನು ಪಕ್ಕದ ರೋಡ್ ಐಲ್ಯಾಂಡ್‌ನಲ್ಲಿ ಪೊಲೀಸರು ಹಿಡಿದಿಟ್ಟಿದ್ದರು. ಬಿಡಿಸಿಕೊಂಡು ಬರುತ್ತಿದ್ದೇವೆ, ತಾಳ್ಮೆಯಿಂದಿರಿ ಅಂತ ಕೇಳಿಕೊಂಡರು. ಜನ ಕಾದರು.

ಖಾಲಿ ಸೀಟುಗಳ ಮುಂದೆ ಏರಿದ ಸಂಖ್ಯೆ

ಇಲ್ಲಿಗೆ ನಿಲ್ಲಿಸಿದರೆ ಎಲ್ಲರೂ ಹತ್ತಿರ ಹತ್ತಿರ ಕೂತು ಒಂದಾದರು ಅನ್ನುವ ಸುಲಭದ ಕಥೆಯಾಗುತ್ತೆ. ಆದರೆ ಬಿಲ್ ರಸೆಲ್ ಇದ್ದಾರೆ. 13 ವರ್ಷ ಆಡಿ 11 ಸಲ ಚಾಂಪಿಯನ್ ಆದವರು, 1966ರಲ್ಲಿ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಮೊದಲ ಕಪ್ಪು ಕೋಚ್ ಆದವರು. ಅವರು ಗೆಲ್ಲುತ್ತಿದ್ದ ಆ ವರ್ಷಗಳಲ್ಲಿ ಸೆಲ್ಟಿಕ್ಸ್ ಆಟಕ್ಕೆ ಗಾರ್ಡನ್ ಬಹಳ ಸಲ ತುಂಬುತ್ತಿರಲಿಲ್ಲ. ಅದೇ ವರ್ಷಗಳಲ್ಲಿ ಎಂಟು ಸೀಸನ್ ಪ್ಲೇಆಫ್, ಅಂದರೆ ಕಪ್‌ಗಾಗಿ ನಡೆಯುವ ಕೊನೆಯ ಸುತ್ತುಗಳ, ಮುಖವನ್ನೇ ನೋಡದ ಬ್ರೂಯಿನ್ಸ್ ಆಟಕ್ಕೆ ಜನ ಕಿಕ್ಕಿರಿಯುತ್ತಿದ್ದರು. ಬಾಸ್ಟನ್ ಹಾಕಿಯ ಊರು ಅನ್ನುವುದು ಒಂದು ಉತ್ತರ. ಅದು ಪೂರ್ತಿ ಉತ್ತರ ಅಂತ ನನಗನ್ನಿಸುವುದಿಲ್ಲ. ಊರ ಹೊರಗಿನ ರೆಡಿಂಗ್‌ನಲ್ಲಿ ರಸೆಲ್ ಕುಟುಂಬ ಇದ್ದ ಮನೆಗೆ ಯಾರೋ ನುಗ್ಗಿ ಹೊಲಸು ಮಾಡಿದರು, ಗೋಡೆಯ ಮೇಲೆ ಕೆಟ್ಟ ಮಾತು ಗೀಚಿದರು.

1972ರ ಮಾರ್ಚ್ 12ರಂದು ಅವರ ಅಂಗಿಯ 6ನೇ ಸಂಖ್ಯೆಯನ್ನು, ಇನ್ನು ಬೇರೆ ಯಾರೂ ಹಾಕದ ಹಾಗೆ ಗೌರವಕ್ಕಾಗಿ, ಬಟ್ಟೆಯ ಮೇಲೆ ಬರೆದು ಗಾರ್ಡನ್ನಿನ ಚಾವಣಿಗೆ ಏರಿಸುವುದಿತ್ತು. ಜನರ ಮುಂದೆ ಬೇಡ ಅಂದರು ರಸೆಲ್. ಹಾಗಾಗಿ ಗೇಟು ತೆರೆಯುವ ಮೊದಲೇ, ಔರ್‌ಬ್ಯಾಕ್ ಮತ್ತು ಹಳೆಯ ಜೊತೆಗಾರರು ಮಾತ್ರ ಇದ್ದಾಗ, ಆ ಬಟ್ಟೆ ಮೇಲೆ ಹೋಯಿತು. ಅಷ್ಟು ಹತ್ತಿರ ಕೂತು ಅವರ ಆಟ ನೋಡಿದ ಸೀಟುಗಳಲ್ಲಿ ಒಬ್ಬರೂ ಇರಲಿಲ್ಲ. ಆಟಗಾರ ಅಂತ ಚಪ್ಪಾಳೆ ತಟ್ಟಿ, ಪಕ್ಕದ ಮನೆಯವನು ಅಂತ ಒಪ್ಪಿಕೊಳ್ಳದ ಜನರ ಮುಂದೆ ಅವರು ನಿಲ್ಲಲಿಲ್ಲ. ಅದು ಅವರ ಹಕ್ಕು ಅಂತ ನನಗೆ ಖಂಡಿತ ಅನ್ನಿಸುತ್ತೆ. ಅವರು ಬಾಸ್ಟನ್ ಜನರೆದುರು ನಿಂತು ಆ ಗೌರವ ತೆಗೆದುಕೊಂಡಿದ್ದು 1999ರಲ್ಲಿ, ಹೊಸ ಕಟ್ಟಡದಲ್ಲಿ. ಕಟ್ಟಡವೊಂದು ಮನುಷ್ಯರನ್ನು ಕೆಲವೇ ಅಡಿ ದೂರಕ್ಕೆ ತರಬಹುದು. ಉಳಿದ ದೂರ ಸವೆಸೋದು ಅದರ ಕೈಲಿಲ್ಲ.

ಒಂಬತ್ತು ಇಂಚು

ಕೆಡವಿದ್ದು ಯಾಕೆ ಅಂತ ಕೇಳಿದರೆ ಸೆಕೆ, ಕರೆಂಟು, ಹೆಗ್ಗಣ ಅಂತ ಪಟ್ಟಿ ಬರುತ್ತೆ. ಅವು ಸುಳ್ಳಲ್ಲ. ಆದರೆ ಎಸಿ ಹಾಕಿಸಬಹುದು, ತಂತಿ ಬದಲಿಸಬಹುದು. ಬದಲಿಸಲಾಗದ್ದು ಒಂದಿತ್ತು. ಎಂಬತ್ತರ ದಶಕದ ಹೊತ್ತಿಗೆ ಅಖಾಡಗಳ ದುಡಿಮೆಯ ದಾರಿಯೇ ಬದಲಾಗಿತ್ತು. ಕಂಪನಿಗಳು ವರ್ಷಕ್ಕಿಷ್ಟು ಅಂತ ದೊಡ್ಡ ಮೊತ್ತ ಕೊಟ್ಟು ಹಿಡಿಯುವ ಐಷಾರಾಮಿ ಕೋಣೆಗಳು ಬೇಕಾಗಿದ್ದವು. ಒಳ್ಳೆ ಎತ್ತರದಲ್ಲಿ, ಕೆಳಗಿನ ಸೀಟುಗಳ ಹಿಂದೆ, ಸಾಲಾಗಿ. ಗಾರ್ಡನ್ನಿನಲ್ಲಿ ಆ ಎತ್ತರದಲ್ಲಿ ಬಾಲ್ಕನಿ ಇತ್ತು, ಬಾಲ್ಕನಿಯಲ್ಲಿ ಗ್ಯಾಲರಿ ಗಾಡ್ಸ್ ಇದ್ದರು. ಜನರನ್ನು ಅಷ್ಟು ಒತ್ತಾಗಿ ಪೇರಿಸಿದ್ದರಿಂದ ನಡುವೆ ಏನನ್ನೂ ತೂರಿಸೋಕೆ ಜಾಗವಿರಲಿಲ್ಲ. ಹೊಸ ಕಟ್ಟಡದಲ್ಲಿ ಅಂಥ ಕೋಣೆಗಳು ನೂರರ ಆಸುಪಾಸು ಬಂದವು. ಆ ಕೋಣೆಗಳ ಸಾಲು ಎಷ್ಟು ಎತ್ತರವೋ ಅಷ್ಟು ಎತ್ತರಕ್ಕೆ, ಅಷ್ಟು ಹಿಂದಕ್ಕೆ ಅಗ್ಗದ ಟಿಕೆಟ್‌ನವರು ಹೋದರು. ನಾನೂ ಆ ಹಿರಿಯರೂ ಪರದೆ ನೋಡುತ್ತಾ ಕೂತದ್ದು ಅಲ್ಲೇ.

ಹೊಸದನ್ನು ಹಳೆಯದರ ಬೆನ್ನಿಗೇ ಕಟ್ಟಿದರು. ಎರಡರ ನಡುವೆ ಬಿಟ್ಟ ಜಾಗ ಒಂಬತ್ತು ಇಂಚು. 160 ದಶಲಕ್ಷ ಡಾಲರ್ ಖರ್ಚು. 1995ರ ಮೇನಲ್ಲಿ ಸೆಲ್ಟಿಕ್ಸ್ ಹಳೆಯ ಗಾರ್ಡನ್ನಿನಲ್ಲಿ ಕೊನೆಯ ಆಟ ಆಡಿ ಒರ್ಲ್ಯಾಂಡೊ ವಿರುದ್ಧ ಸೋತಿತು. 1957ರಿಂದ 1986ರವರೆಗೆ 16 ಸಲ ಚಾಂಪಿಯನ್ ಆದದ್ದು ಆ ನೆಲದಲ್ಲಿ ಆಡಿಯೇ.

ಸೆಪ್ಟೆಂಬರ್ 26ರಂದು ಮಾಂಟ್ರಿಯಲ್ ಜೊತೆ ಬ್ರೂಯಿನ್ಸ್‌ನ ವಿದಾಯದ ಆಟ. ಮೊದಲ ಆಟವೂ ಮಾಂಟ್ರಿಯಲ್ ವಿರುದ್ಧವೇ ಆಗಿತ್ತಲ್ವಾ. ಆಟ ಮುಗಿದ ಮೇಲೆ ಹಳೆಯ ಆಟಗಾರರೆಲ್ಲ ಐಸ್ ಮೇಲೆ ಬಂದರು. ಅವರಲ್ಲಿ ನಾರ್ಮಂಡ್ ಲೆವೆಯೆ ಇದ್ದರು. 1982ರಲ್ಲಿ, ಹತ್ತೊಂಬತ್ತರ ವಯಸ್ಸಿನಲ್ಲಿ, ಆಟದ ನಡುವೆ ಮಿದುಳಿನ ರಕ್ತನಾಳ ಒಡೆದು ಕುಸಿದಿದ್ದರು. ಜೀವ ಉಳಿಯಿತು, ಮತ್ತೆ ಆಡಲಾಗಲಿಲ್ಲ. ಹದಿಮೂರು ವರ್ಷದ ಮೇಲೆ ಅವರು ಸ್ಕೇಟ್ ಕಟ್ಟಿಕೊಂಡು, ನಾಯಕ ರೇ ಬೋರ್ಕ್ ಅವರ ಆಸರೆಯಲ್ಲಿ, ನಿಧಾನವಾಗಿ ಆ ಚಿಕ್ಕ ಐಸ್ ಮೇಲೆ ಜಾರಿದರು. ಆ ವಿಡಿಯೊ ನೋಡುವಾಗ ನನಗೆ ಪ್ರತಿ ಸಲವೂ ಗಂಟಲು ಕಟ್ಟುತ್ತದೆ.

ಅದಾದ ಮೇಲೆ ಕಟ್ಟಡ ಬೀಗ ಹಾಕಿಕೊಂಡು ನಿಂತಿತ್ತು. 1998ರಲ್ಲಿ ಕೆಡವಿದರು. ಮರದ ನೆಲ ಮಾತ್ರ ಹೊಸ ಕಟ್ಟಡಕ್ಕೆ ಹೋಗಿ 1999ರ ಡಿಸೆಂಬರ್‌ವರೆಗೆ ದುಡಿಯಿತು. ಆಮೇಲೆ ಅದನ್ನೂ ಬಿಚ್ಚಿ, ತುಂಡು ಮಾಡಿ ಮಾರಿದರು. ಗಾರ್ಡನ್ ಇದ್ದ ಜಾಗದಲ್ಲಿ ಈಗ ಸೂಪರ್‌ಮಾರ್ಕೆಟ್, ಸಿನಿಮಾ, ಹೋಟೆಲ್, ಆಫೀಸುಗಳ ಎತ್ತರದ ಕಟ್ಟಡಗಳಿವೆ.

2019ರಲ್ಲಿ ಹೊಸ ಕಟ್ಟಡದಲ್ಲಿ ಸೀಟುಗಳನ್ನು ಬದಲಿಸಿ ಇನ್ನಷ್ಟು ಸೀಟು ಸೇರಿಸಿದಾಗ ಜನ ಸಿಟ್ಟಾದರು. ಮೊಣಕಾಲಿಗೆ ಜಾಗವಿಲ್ಲ, ಸೀಟು ಕಿರಿದಾಯಿತು ಅಂತ. ಹಳೆಯ ಗಾರ್ಡನ್ನಿನ ಇಕ್ಕಟ್ಟನ್ನು ಹೊಗಳುವವರೇ ಇದನ್ನು ಬೈದರು. ಅದರಲ್ಲಿ ನನಗೆ ಯಾವ ವಿರೋಧವೂ ಕಾಣುವುದಿಲ್ಲ. ಹಳೆಯ ಇಕ್ಕಟ್ಟಿನ ಬದಲಿಗೆ ಅವರಿಗೆ ಓರ್‌ನ ಮುಖ ಕಾಣುತ್ತಿತ್ತು. ಹೊಸ ಇಕ್ಕಟ್ಟಿನ ಬದಲಿಗೆ ಏನು ಸಿಕ್ಕಿತು?

2024ರಲ್ಲಿ ಲಾಸ್ ಏಂಜಲೀಸ್ ಪಕ್ಕದ ಇಂಗಲ್‌ವುಡ್‌ನಲ್ಲಿ ಇಂಟ್ಯುಟ್ ಡೋಮ್ ಅನ್ನುವ ಅಖಾಡ ತೆರೆಯಿತು. ಅದರ ಒಂದು ಬದಿಯಲ್ಲಿ ಕೆಳಗಿಂದ ಮೇಲಿನವರೆಗೆ 51 ಸಾಲು ಸೀಟು, ಕಡಿದಾಗಿ, ನಡುವೆ ಒಂದೂ ಐಷಾರಾಮಿ ಕೋಣೆಯಿಲ್ಲದೆ. ಕೋಣೆಗಳೆಲ್ಲ ಬೇರೆ ಬದಿಗಳಿಗೆ ಹೋಗಿವೆ. ರಿಕಾರ್ಡ್ 1928ರಲ್ಲಿ ಹಾಕಿದ ಲೆಕ್ಕವನ್ನೇ ಯಾರೋ ಮತ್ತೆ ಕೂತು ಹಾಕಿದ್ದಾರೆ, ಈ ಸಲ ಕಂಬದ ಹಂಗಿಲ್ಲದ ಉಕ್ಕಿನಲ್ಲಿ. ಇದು ಆಗದ ಕೆಲಸವೇನಲ್ಲ ಅಂತ ಅಲ್ಲಿಗೆ ಗೊತ್ತಾಯಿತು. ಬಾಸ್ಟನ್‌ನ ಹೊಸ ಅಖಾಡದ ನಕ್ಷೆ ಬರೆಯುವಾಗ ಒಂದೇ ಒಂದು ಬದಿಯನ್ನಾದರೂ ಹೀಗೆ ಬಿಟ್ಟಿದ್ದರೆ ಗ್ಯಾಲರಿಯ ಜನಕ್ಕೆ ಕೂರೋಕೆ, ಕೂಗೋಕೆ ಒಂದು ಜಾಗ ಉಳಿದಿರುತ್ತಿತ್ತು.